ಎರಡೂವರೆಗೆ ನಿಂತ ಮುಳ್ಳು

ಕಿವಿ ಕೇಳದವರ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎಂಬುದು ಆ ಮಿಸ್ತ್ರಿಯ ಪರಿಚಯವಾಗುವವರೆಗೆ ನನಗೆ ಗೊತ್ತಿರಲಿಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದದ್ದನ್ನು ಅಂದು ಮುಗಿಸಿ ಆಮೇಲೆ ಯೋಚಿಸುವುದು ರೂಢಿ. ಅವರ ಗ್ಯಾರೇಜಿನಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ಏನೇ ಹೇಳುವುದಿದ್ದರೂ ಸೀಮೆಸುಣ್ಣದಿಂದ ಬರೆದು ತೋರಿಸಬೇಕು. ಒಂದು ಸಾಲು ಬರೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. ಬರೆದದ್ದನ್ನು ಅವರು ಮೆಲ್ಲಗೆ ಓದಿ, ತಲೆಯಾಡಿಸಿ, "ಮತ್ತ?" ಎಂದು ಕೇಳಿದಾಗ ಉಳಿದರ್ಧವೂ ಹೋಗುತ್ತಿತ್ತು.

ಗ್ಯಾರೇಜು ಇಳಕಲ್ ರಸ್ತೆಯ ಮೇಲೆ, ಊರು ದಾಟಿದ ಮೇಲೆ ಎಡಕ್ಕೆ. ತಗಡಿನ ಶೆಡ್ಡು. ಗೋಡೆಗೆ ಆನಿಸಿ ನಿಲ್ಲಿಸಿದ ಕೆಂಪು ಗ್ರಾನೈಟಿನ ಒಂದು ಮುರುಕು ಹಲಗೆ. ಅದೇ ಅವರ ಪಾಟಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಇಳಕಲ್ಲಿನ ಕಲ್ಲು ಕೊಯ್ಯುವ ಫ್ಯಾಕ್ಟರಿಯಲ್ಲಿ ಯಂತ್ರಗಳನ್ನು ನೋಡಿಕೊಂಡಿದ್ದರು. ದೊಡ್ಡ ಗರಗಸಗಳ ಸದ್ದು ಅವರ ಕಿವಿಯನ್ನು ದಿನಕ್ಕಿಷ್ಟಿಷ್ಟೇ ತಿಂದುಹಾಕಿತ್ತು. ಮಾತು ಮಾತ್ರ ಸ್ಪಷ್ಟ. ತಮ್ಮ ದನಿ ತಮಗೇ ಕೇಳಿಸದ್ದರಿಂದ ಎಲ್ಲವನ್ನೂ ಜೋರಾಗಿಯೇ ಹೇಳುತ್ತಿದ್ದರು. ಗುಟ್ಟಿನ ಮಾತು ಹೇಳಿದರೂ ರಸ್ತೆಯಾಚೆ ಹೋಗುವವರು ತಿರುಗಿ ನೋಡುತ್ತಿದ್ದರು.

ನಾನು ಅವರ ಹತ್ತಿರ ಹೋದದ್ದು ಒಂದು ಕಾರಿನ ದೆಸೆಯಿಂದ. ಆ ಫ್ಯಾಕ್ಟರಿಯ ಮಾಲೀಕರ ಶೆಡ್ಡಿನಲ್ಲಿ ಮೂವತ್ತು ವರ್ಷ ದಾಟಿದ ಜರ್ಮನಿಯ ಕಾರೊಂದು ಧೂಳು ಹೊದ್ದು ನಿಂತಿತ್ತು. ನಿವೃತ್ತಿಯಾದ ಮೇಲೆ ಬೇರೆಯವರು ಕಾಶಿಗೆ ಹೋದರೆ ನಾನು ಆ ಕಾರು ತಂದೆ. ಮನೆಯವಳು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾಲೀಕರು ಕೀಲಿ ಕೊಡುವಾಗ ಒಂದೇ ಮಾತು ಹೇಳಿದ್ದರು: "ಮಾಸ್ತರ್ರ, ಗಾಡಿ ಒಯ್ರಿ. ಆದ್ರ ಇದನ್ನ ನಮ್ಮ ಮಿಸ್ತ್ರಿ ಬಿಟ್ಟು ಯಾರ ಕೈಯಾಗೂ ಕೊಡಬ್ಯಾಡ್ರಿ."

ಇದು ಕಾರ್ಬೊರೇಟರ್ ಗಾಡಿಯಲ್ಲ. ಕಾರ್ಬೊರೇಟರ್ ಇದ್ದರೆ ಎಂಜಿನ್ನು ತನಗೆ ಬೇಕಾದಷ್ಟು ಪೆಟ್ರೋಲನ್ನು ತಾನೇ ಎಳೆದುಕೊಳ್ಳುತ್ತದೆ. ಇದರಲ್ಲಿ ಟ್ಯಾಂಕಿನ ಹತ್ತಿರದ ಪಂಪು ಪೆಟ್ರೋಲನ್ನು ಒತ್ತಡದಿಂದ ಮುಂದಕ್ಕೆ ತಳ್ಳುತ್ತದೆ, ಇಂಜೆಕ್ಟರುಗಳು ಅದನ್ನು ಎಂಜಿನ್ನಿಗೆ ಸಿಂಪಡಿಸುತ್ತವೆ, ಮಿಕ್ಕಿದ್ದು ಇನ್ನೊಂದು ಪೈಪಿನಿಂದ ಟ್ಯಾಂಕಿಗೆ ವಾಪಸು ಬರುತ್ತದೆ. ಈ ವಾಪಸು ಬರುವ ಪೈಪನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನನ್ನ ಮಾನ ಹೋದದ್ದು ಅದರಲ್ಲೇ.

ನಮ್ಮ ಕಡೆಯ ಮಿಸ್ತ್ರಿಗಳೆಲ್ಲ ಕಿವಿಯಿಂದ ರಿಪೇರಿ ಮಾಡುವವರು. ಬಾನೆಟ್ ಎತ್ತಿ, ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿ, "ಟೈಮಿಂಗ್ ಹೋಗೇತಿ ನೋಡ್ರಿ" ಎಂದುಬಿಡುತ್ತಾರೆ. ಹತ್ತರಲ್ಲಿ ಏಳು ಸಲ ಅದು ಸರಿಯೂ ಇರುತ್ತದೆ. ಇವರಿಗೆ ಆ ದಾರಿ ಮುಚ್ಚಿಹೋಗಿತ್ತು. ಆದ್ದರಿಂದ ಅಳೆಯದೆ ಒಂದು ಮಾತೂ ಆಡುತ್ತಿರಲಿಲ್ಲ.

ಮೊದಲ ದಿನ ಅವರು ಕೆಲಸ ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ನು ತಾನಾಗಿ ಆರುವವರೆಗೆ ಓಡಿಸಿದರು, ಪೈಪಿನೊಳಗಿನ ಒತ್ತಡ ಇಳಿಯಲಿ ಎಂದು. ಆಚೆ ನಿಂತಿದ್ದ ಲಾರಿಯವನೊಬ್ಬ ಬೀಡಿ ಹಚ್ಚಿದ. "ಏ ತಮ್ಮಾ, ಆ ಕಡೆ ಹೋಗಿ ಸೇದು, ಇಲ್ಲಂದ್ರ ಎಲ್ಲಾರೂ ಕೂಡೇ ಹೋಗೂನು" ಎಂದು ಅವನನ್ನು ರಸ್ತೆಯಾಚೆ ಕಳಿಸಿದರು. ಬಟ್ಟೆ ಸುತ್ತಿ ಪೈಪಿನ ಜೋಡಣೆಯನ್ನು ಬಿಚ್ಚಿ, ಸೋರಿದ ನಾಲ್ಕು ಹನಿಯನ್ನು ಆ ಬಟ್ಟೆಗೇ ಕುಡಿಸಿ, ನಡುವೆ ಒತ್ತಡ ಅಳೆಯುವ ಗೇಜ್ ಕೂಡಿಸಿದರು. ದುಂಡನೆಯ ಗೇಜು, ಅಂಗೈಯಗಲ. ಅದನ್ನು ಅವರು ತಂಬಾಕಿನ ಚೀಲದ ಹಾಗೆ ಸದಾ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿರುತ್ತಿದ್ದರು. ಫ್ಯೂಸ್ ಹಾಕಿ, ಕೀಲಿ ತಿರುವಿ ಎಂಜಿನ್ ಚಾಲೂ ಮಾಡಲು ನನಗೆ ಕೈಸನ್ನೆ ಮಾಡಿದರು. ಮುಳ್ಳು ಎದ್ದು, ಎರಡೂವರೆಗೆ ಬಂದು ನಿಂತಿತು.

"ಎರಡೂವರಿ ಕೆಜಿ. ಬರೋಬ್ಬರಿ" ಎಂದು ಹೇಳಿ, ಅಂಕಿಯನ್ನು ಕಲ್ಲಿನ ಮೇಲೆ ಬರೆದಿಟ್ಟರು. ವಾಪಸು ಪೈಪನ್ನು ಇಕ್ಕಳದಿಂದ ಒಂದೇ ಕ್ಷಣ ಮೆತ್ತಗೆ ಒತ್ತಿದರು, ಮುಳ್ಳು ಜಿಗಿಯಿತು. "ಪಂಪಿಗೆ ದಮ್ಮ ಐತಿ" ಎಂದರು. ಎಂಜಿನ್ ಆರಿಸಿದರು. ಆಮೇಲೆ ಒಂದು ಡಬ್ಬಿಯ ಮೇಲೆ ಕುಳಿತು, ಮೊಳಕಾಲ ಮೇಲೆ ಕೈಯಿಟ್ಟುಕೊಂಡು, ಗೇಜನ್ನೇ ನೋಡತೊಡಗಿದರು.

ಐದು ನಿಮಿಷವಾಯಿತು, ಹತ್ತಾಯಿತು. ನನಗೆ ತಡೆಯಲಾಗಲಿಲ್ಲ. 'ಇನ್ನೇನು?' ಎಂದು ಬರೆದೆ.

"ತಾಳ್ರಿ ಮಾಸ್ತರ್ರ. ಇಪ್ಪತ್ತ ಮಿನಿಟ ನೋಡಬೇಕು. ಮುಳ್ಳ ಇಳೀತಂದ್ರ ಎಲ್ಲೋ ಸೋರತೈತಿ. ಇಳೀಲಿಲ್ಲಂದ್ರ ಗಾಡಿ ಖರೆ ಐತಿ. ನಡಕ ಎದ್ರ ಏನೂ ಗೊತ್ತಾಗೂದಿಲ್ಲ."

ಮೂವತ್ತು ವರ್ಷ ಮಕ್ಕಳಿಗೆ ಒತ್ತಡದ ಸೂತ್ರ ಬಾಯಿಪಾಠ ಮಾಡಿಸಿದವನು ನಾನು. ಬಲವನ್ನು ವಿಸ್ತೀರ್ಣದಿಂದ ಭಾಗಿಸಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಒಂದೇ ಒಂದು ಒತ್ತಡವನ್ನು ಕೈಯಾರೆ ಅಳೆದದ್ದಿಲ್ಲ, ಅಳೆದು ಇಪ್ಪತ್ತು ನಿಮಿಷ ಕಾದದ್ದಂತೂ ಇಲ್ಲವೇ ಇಲ್ಲ. ಆ ಮನುಷ್ಯ ಸಾಲೆಯ ಏಳನೆಯ ಇಯತ್ತೆ ದಾಟಿರಲಿಲ್ಲ. ನನಗೆ ಅವತ್ತು ನಿಜಕ್ಕೂ ಅಸೂಯೆಯಾಯಿತು, ಅಸೂಯೆಯ ಬೆನ್ನಿಗೇ ಅಭಿಮಾನವೂ ಆಯಿತು. ಮುಳ್ಳು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಅದಾಗಿ ಎರಡು ತಿಂಗಳು ಕಾರು ರಾಜನ ಹಾಗೆ ಓಡಿತು. ಬೇವೂರಿನ ಹತ್ತಿರ ನಮ್ಮದೊಂದು ದಾಳಿಂಬೆ ತೋಟವಿದೆ. ಒಂದು ವಾರ ಕಾರನ್ನು ಅಲ್ಲೇ ಶೆಡ್ಡಿನಲ್ಲಿ ಬಿಟ್ಟಿದ್ದೆ. ಹೋಗಿ ನೋಡಿದರೆ ಕೆಳಗೆ ಪೆಟ್ರೋಲಿನ ವಾಸನೆ. ತಗ್ಗಿ ಇಣುಕಿದೆ. ಟ್ಯಾಂಕಿನ ಹತ್ತಿರ, ವಾಪಸು ಬರುವ ಪೈಪಿನ ರಬ್ಬರನ್ನು ಇಲಿ ಕಡಿದಿತ್ತು.

ತೋಟ ಮಾಡುವವರಿಗೆ ಇದೊಂದು ರಿಪೇರಿಯೇ? ಔಷಧಿ ಹೊಡೆಯುವ ಹಳದಿ ಸ್ಪ್ರೇ ಪೈಪು ಮನೆಯಲ್ಲಿದ್ದರೆ ನಮ್ಮ ಕಡೆ ಬೇರೆ ಏನೂ ಬೇಕಾಗುವುದಿಲ್ಲ. ನಲ್ಲಿಗೆ ಅದೇ, ಗ್ಯಾಸಿನ ಒಲೆಗೆ ಅದೇ, ಕಿತ್ತುಹೋದ ಬಾಗಿಲ ಕೀಲಿಗೆ ಅದೇ, ಸೈಕಲ್ಲಿನ ಹಿಡಿಗೂ ಅದೇ. ಗೇಣುದ್ದ ಕತ್ತರಿಸಿ, ಎರಡೂ ಕಡೆ ಕ್ಲಿಪ್ ಬಿಗಿದೆ. ಸೋರುವುದು ನಿಂತಿತು. ಕೈ ಒರೆಸಿಕೊಂಡು, ಈ ವಯಸ್ಸಿನಲ್ಲೂ ನನಗೆ ಎಷ್ಟೊಂದು ಬರುತ್ತದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪೆಟ್ರೋಲು ಆ ಪೈಪನ್ನು ಒಳಗಿನಿಂದ ಉಬ್ಬಿಸುತ್ತದೆ ಎಂಬುದು ವಿಜ್ಞಾನದ ಮಾಸ್ತರನ ತಲೆಗೆ ಹೊಳೆಯಲಿಲ್ಲ.

ಮೂರು ವಾರ ಕಳೆದಿರಬೇಕು. ಮನೆಯವಳನ್ನೂ ಅವಳ ಇಬ್ಬರು ಅಕ್ಕಂದಿರನ್ನೂ ಕರೆದುಕೊಂಡು ಚೊಳಚಗುಡ್ಡದ ಬನಶಂಕರಿಗೆ ಹೊರಟೆ. ಬದಾಮಿ ಬರುವ ಹೊತ್ತಿಗೆ ಕಾರು ಹಿಂದಿನಿಂದ ಕರಿ ಹೊಗೆ ಬಿಡತೊಡಗಿತು. ಊರ ನಡುವಿನ ರಸ್ತೆಯಲ್ಲಿ ನಾಲ್ಕು ಸಲ ಕೆಮ್ಮಿ ನಿಂತಿತು. ಮೂವರು ಹೆಂಗಸರು ಮೂಗಿಗೆ ಸೆರಗು ಹಿಡಿದು ಇಳಿದರು. ಗುಹೆ ನೋಡಲು ಬಂದ ಪ್ರವಾಸಿಗರು ಕಾರಿನ ಜೊತೆ ಫೋಟೊ ತೆಗೆಸಿಕೊಂಡರು. ಮಂಗವೊಂದು ಬಾನೆಟ್ಟಿನ ಮೇಲೆ ಕುಳಿತು ನನ್ನ ಹಣ್ಣಿನ ಬುಟ್ಟಿಯಿಂದ ಬಾಳೆಹಣ್ಣು ತಿಂದಿತು. ದೊಡ್ಡ ಅಕ್ಕ, "ತಂಗಿ, ನಿನ್ನ ಗಂಡ ಗಾಡಿ ತಂದಾನೋ ಹೊಗಿ ಭಟ್ಟಿ ತಂದಾನೋ?" ಎಂದಳು. ದೇವಿಯ ದರ್ಶನಕ್ಕೆ ಟಂಟಂ ರಿಕ್ಷಾದಲ್ಲಿ ಹೋದೆವು.

ಮರುದಿನ ಬೆಳಿಗ್ಗೆ ಹುನಗುಂದದ ಸರ್ಕಲ್ಲಿನ ಚಹಾದ ಅಂಗಡಿಯಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. ದಿನಾ ಅಲ್ಲಿ ಸೇರುವ ನಾಲ್ಕೈದು ಮಂದಿ ಇದ್ದರು. ಇಬ್ಬರಿಗೆ ಸ್ವಂತ ಗಾಡಿಗಳು, ಒಬ್ಬರು ಬಾಡಿಗೆ ಕಾರು ಓಡಿಸುವವರು. "ಆ ಕಿವುಡನ ಕೈಯಾಗ ಗಾಡಿ ಕೊಟ್ಟ ತಪ್ಪಿಗೆ ನನಗ ಹಿಂಗಾತು. ಎಂಜಿನ್ ಸದ್ದಽ ಕೇಳಂಗಿಲ್ಲ ಅವಂಗ, ಏನ ರಿಪೇರಿ ಮಾಡ್ತಾನ? ಆ ಗೇಜ್ ಹಿಡಕೊಂಡು ನಾಟಕ ಮಾಡ್ತಾನಷ್ಟ" ಎಂದೆ. ಮಾಸ್ತರ ಮಾತು, ಅದೂ ವಿಜ್ಞಾನದ ಮಾಸ್ತರ ಮಾತು. ಎಲ್ಲರೂ ತಲೆಯಾಡಿಸಿದರು. ಎದುರಿಗಿಲ್ಲದವರನ್ನು ಬಯ್ಯುವಾಗ ಸೀಮೆಸುಣ್ಣ ಬೇಕಾಗುವುದಿಲ್ಲ.

ಆಮೇಲೆ ಕಾರು ಬಾಗಲಕೋಟೆಯ ಒಬ್ಬ ಮಿಸ್ತ್ರಿಯಿಂದ ಇನ್ನೊಬ್ಬರಿಗೆ ಹೋಯಿತು. ಒಬ್ಬರು ಸದ್ದು ಕೇಳಿ ಪ್ಲಗ್ಗು ಬದಲಿಸಿದರು, ಇನ್ನೊಬ್ಬರು ಸದ್ದು ಕೇಳಿ ಸೆನ್ಸರ್ ಬದಲಿಸಿದರು. ಪ್ರತಿ ಸಲವೂ ನಾಲ್ಕು ದಿನ ಓಡಿ ಮತ್ತೆ ಹೊಗೆ. ಮೂರು ತಿಂಗಳು ಹೀಗೇ ಹೋದವು. ಕೊನೆಗೊಂದು ಬೆಳಿಗ್ಗೆ, ಸರ್ಕಲ್ಲಿನ ಮುಂದೆ ಹಾಯದೆ, ಹಿಂದಿನ ಓಣಿಯಿಂದ ಕಾರನ್ನು ಕೆಮ್ಮಿಸುತ್ತ ಇಳಕಲ್ ರಸ್ತೆಗೆ ಹೊರಟೆ. ಯಾರೂ ನೋಡಬಾರದಿತ್ತು ನನ್ನನ್ನು.

ಗ್ಯಾರೇಜಿನಲ್ಲಿ ಒಂದು ಗಾಡಿಯೂ ಇರಲಿಲ್ಲ. ಅವರು ನನ್ನನ್ನು ಕಂಡು ಖುಷಿಯಿಂದಲೇ ಎದ್ದರು. "ಬರ್ರಿ ಮಾಸ್ತರ್ರ! ಭಾಳ ದಿನಾ ಆತು" ಎಂದು ಕುರ್ಚಿ ಒರೆಸಿ ಕೊಟ್ಟರು. ಹೊಗೆಯ ವಿಷಯ ಬರೆದು ತೋರಿಸಿದೆ. ಬದಾಮಿಯ ಮಂಗನ ವಿಷಯ ಬರೆದಾಗ ನಕ್ಕರು.

ಗೇಜ್ ಕೂಡಿಸಿದರು. ಮುಳ್ಳು ಎರಡೂವರೆ ದಾಟಿತು, ಮೂರು ದಾಟಿತು, ನಾಲ್ಕರ ಹತ್ತಿರ ಹೋಗಿ ನಿಂತಿತು. ಅವರ ಮುಖ ಸಣ್ಣದಾಯಿತು. ಕಾರಿನ ಕಡೆ ನೋಡಲಿಲ್ಲ, ಕೈಯಲ್ಲಿನ ಗೇಜಿನ ಕಡೆ ನೋಡಿದರು. ಅದನ್ನು ಬಿಚ್ಚಿ, ಒಳಗಿನಿಂದ ಇನ್ನೊಂದು ಗೇಜ್ ತಂದು ಕೂಡಿಸಿದರು. ಅದೂ ನಾಲ್ಕರ ಹತ್ತಿರವೇ ತೋರಿಸಿತು. ಆಗ ಉಸಿರು ಬಿಟ್ಟು ಕೆಲಸಕ್ಕೆ ತೊಡಗಿದರು. ಎರಡು ಗೇಜು ಯಾಕೆಂದು ನಾನು ಕೇಳಲಿಲ್ಲ.

ವಾಪಸು ಪೈಪನ್ನು ಮುಂದಿನ ತುದಿಯಲ್ಲೇ ಬಿಚ್ಚಿ, ಒಂದು ಡಬ್ಬಿಗೆ ಬಿಟ್ಟು ಎಂಜಿನ್ ಓಡಿಸಿದರು. ಮುಳ್ಳು ಸರಕ್ಕನೆ ಇಳಿದು ಎರಡೂವರೆಗೆ ನಿಂತಿತು. "ಮುಂದ ಎಲ್ಲಾ ಬರೋಬ್ಬರಿ ಐತ್ರಿ. ಹಿಂದ ಹೋಗೂ ಹಾದ್ಯಾಗ ಏನೋ ಅಡ್ಡ ಕುಂತೈತಿ. ಪೆಟ್ರೋಲ್ ಮನಿಗೆ ಹೋಗಾಕ ಹಾದಿ ಇಲ್ಲ, ಅದಕ್ಕ ಎಂಜಿನ್ ಮ್ಯಾಗ ಬಿದ್ದೈತಿ" ಎಂದರು. ಆ ಕ್ಷಣಕ್ಕೇ ನನಗೆ ಎಲ್ಲ ಗೊತ್ತಾಗಿಹೋಯಿತು. ಅವರು ಕಾರಿನ ಕೆಳಗೆ ತೂರಿದರು. ಹೊರಗೆ ಬಂದಾಗ ಕೈಯಲ್ಲಿ ಗೇಣುದ್ದದ ಹಳದಿ ಪೈಪಿತ್ತು. ಅದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಒಳಮೈ ಉಬ್ಬಿ, ತೂತು ಕಡ್ಡಿ ಹೋಗುವಷ್ಟೂ ಉಳಿದಿರಲಿಲ್ಲ.

"ಯಾರ ಹಾಕ್ಯಾರ್ರಿ ಇದನ್ನ?"

ಸೀಮೆಸುಣ್ಣ ಹಿಡಿದೆ. 'ಬಾಗಲಕೋಟೆಯವರು ಹಾಕಿರಬೇಕು' ಎಂದು ಬರೆದೆ. ಜೀವಮಾನದಲ್ಲಿ ನಾನು ಹಲವು ಸುಳ್ಳು ಹೇಳಿದ್ದೇನೆ. ಬರೆದು ಹೇಳಿದ್ದು ಅದೊಂದೇ, ಅದೂ ನನ್ನ ದುಂಡು ಅಕ್ಷರದಲ್ಲಿ.

ಅವರು ಓದಿದರು. "ಇಲ್ರಿ. ಬಾಗಲಕೋಟಿ ಮಿಸ್ತ್ರಿಗೋಳು ಹಿಂಗ ಮಾಡೂದಿಲ್ಲ. ಪೆಟ್ರೋಲಿಗೆ ಯಾವ ಪೈಪ್ ಹಾಕಬೇಕಂತ ಅವರಿಗೆ ಗೊತ್ತೈತಿ. ಯಾರೋ ತಿಳೀದವರು ಹಾಕ್ಯಾರ" ಎಂದರು. ಅಷ್ಟು ಹೇಳಿ ಹೊಸ ರಬ್ಬರ್ ಪೈಪು ತರಲು ಸೈಕಲ್ ಹತ್ತಿ ಊರೊಳಗೆ ಹೋದರು.

ಅವರ ಹೆಂಡತಿ ಚಹಾ ತಂದುಕೊಟ್ಟರು. ಮನೆ ಗ್ಯಾರೇಜಿನ ಹಿಂದೆಯೇ. ನಾನು ಕಪ್ಪು ತೆಗೆದುಕೊಂಡರೂ ಅವರು ಅಲ್ಲೇ ನಿಂತರು.

"ಮಾಸ್ತರ್ರ, ನೀವು ಬಂದದ್ದು ಛಲೋ ಆತ್ರಿ. ಮೂರ ತಿಂಗಳಾತು, ಮಂದಿ ಬರೂದಽ ಬಿಟ್ಟಾರ. ಯಾಕಂತ ಯಾರೂ ಬರದು ಹೇಳವಲ್ರು. ಇವರು ಏನ ತಿಳಕೊಂಡಾರ ಗೊತ್ತೇನ್ರಿ? ತಮ್ಮ ಗೇಜ್ ಸುಳ್ಳ ಹೇಳಾಕ ಹತ್ತೇತಿ, ಅದಕ್ಕ ಕೆಲಸ ಕೆಡಾಕ ಹತ್ತೇತಿ ಅಂತ. ಇಳಕಲ್ಲ ಫ್ಯಾಕ್ಟರಿಗೆ ಹೋಗಿ ಅಲ್ಲೀ ಗೇಜಿನ ಜೋಡಿ ಹಚ್ಚಿ ನೋಡ್ಯಾರ, ಟಾಯರ್ ಅಂಗಡ್ಯಾಗ ನೋಡ್ಯಾರ. ಎಲ್ಲಾ ಕಡೆ ಸಮ ಬಂದೈತಿ. ಆದ್ರೂ ನಂಬವಲ್ರು. ಕೂತಲ್ಲೇ ಕೂತು ಅದನ್ನ ನೋಡ್ತಾರ. ಈ ಕೆಲಸ ಬಿಟ್ಟಬಿಡ್ತೇನಿ ಅನ್ನಾಕ ಹತ್ಯಾರ್ರಿ."

ಕಿವಿ ಹೋದಾಗ ಹೆದರದ ಮನುಷ್ಯ. ಕಿವಿಯ ಜಾಗದಲ್ಲಿ ಒಂದು ಮುಳ್ಳನ್ನು ನಂಬಿ ಬದುಕು ಕಟ್ಟಿಕೊಂಡವರು. ಆ ಮುಳ್ಳಿನ ಮೇಲಿನ ನಂಬಿಕೆಯನ್ನೂ ನಾನು ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಕಿತ್ತಿದ್ದೆ. ಜನ ತಮ್ಮನ್ನು ಬಿಟ್ಟಾಗ ಅವರು ಊರನ್ನು ಅನುಮಾನಿಸಲಿಲ್ಲ, ಯಾರೋ ಹೊಟ್ಟೆಕಿಚ್ಚಿಗೆ ಏನೋ ಅಂದಿರಬೇಕು ಎಂದುಕೊಳ್ಳಲಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಎಣಿಸುತ್ತಿದ್ದೆ. ಅವರು ತಮ್ಮ ಅಳತೆಯಲ್ಲೇ ತಪ್ಪು ಹುಡುಕಿದ್ದರು. ನನಗೆ ಆ ಹೆಣ್ಣುಮಗಳ ಮುಖ ನೋಡಲು ನಾಚಿಕೆಯಾಯಿತು.

ಮಿಸ್ತ್ರಿ ಬಂದು ಹೊಸ ಪೈಪು ಹಾಕಿದರು. ಮುಳ್ಳು ಎರಡೂವರೆಗೆ ನಿಂತಿತು. ಎಂಜಿನ್ ಆರಿಸಿದ ಮೇಲೆ ಇಪ್ಪತ್ತು ನಿಮಿಷ ಕಾದೆವು. ಈ ಸಲ ನಾನು ಏನೂ ಬರೆಯಲಿಲ್ಲ, ಅವರ ಪಕ್ಕದಲ್ಲಿ ಇನ್ನೊಂದು ಡಬ್ಬಿಯ ಮೇಲೆ ಸುಮ್ಮನೆ ಕುಳಿತೆ. ಅಲ್ಲೇ ಕಲ್ಲಿನ ಮೇಲೆ ಬರೆದುಬಿಡಬಹುದಿತ್ತು. ಕೈ ಮುಂದಾಯಿತು ಕೂಡ. ಆದರೆ ನಾನು ಅವರ ಹೆಸರು ಕೆಡಿಸಿದ್ದು ಅಲ್ಲಿ ಅಲ್ಲವಲ್ಲ. ಗೇಜ್ ಬಿಚ್ಚಿದ ಮೇಲೆ 'ಗಾಡಿ ಓಡಿಸಿ ನೋಡೋಣ, ಬನ್ನಿ' ಎಂದಷ್ಟೇ ಬರೆದು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೇರ ಸರ್ಕಲ್ಲಿನ ಚಹಾದ ಅಂಗಡಿಗೆ ಬಂದೆ.

ಆ ಹೊತ್ತಿಗೂ ಇಬ್ಬರು ಮೂವರು ಅದೇ ಬೆಂಚಿನಲ್ಲಿದ್ದರು. ಬಾಡಿಗೆ ಕಾರಿನವರೂ ಇದ್ದರು. ಮಿಸ್ತ್ರಿಯನ್ನು ಬೆಂಚಿನ ತುದಿಗೆ ಕೂರಿಸಿ, ಚಹಾ ಹೇಳಿ, ಪೇಪರಿನಲ್ಲಿ ಮಿರ್ಚಿ ಭಜಿ ಕೊಡಿಸಿದೆ. ಆಮೇಲೆ ಎದ್ದು ನಿಂತೆ.

"ಮೂರ ತಿಂಗಳ ಹಿಂದ ಇಲ್ಲೇ ನಿಂತು ಇವರ ಮ್ಯಾಲೆ ಒಂದು ಮಾತ ಹೇಳಿದ್ದೆ. ಅದು ಸುಳ್ಳು. ಗಾಡಿ ಕೆಡಿಸಿದಾವ ನಾನು. ಪೆಟ್ರೋಲಿಗೆ ತ್ವಾಟದ ಸ್ಪ್ರೇ ಪೈಪ್ ಹಾಕಿದಾವ ನಾನು. ಇವರು ಅಳದು ತೆಗದ್ರು. ಇವರ ಕೆಲಸದಾಗ ಕೂದಲಷ್ಟು ತಪ್ಪಿಲ್ಲ" ಎಂದೆ.

ಬಾಡಿಗೆ ಕಾರಿನವರು, "ಅಲ್ರಿ ಮಾಸ್ತರ, ನಾ ನಿಮ್ಮ ಮಾತ ಕೇಳೇ ಗಾಡಿ ಬ್ಯಾರೆ ಕಡೆ ಒಯ್ದೆ" ಎಂದರು. ಎಲ್ಲರೂ ಬೆಂಚಿನ ತುದಿಯ ಕಡೆ ತಿರುಗಿದರು. ಚಹಾ ಊದುತ್ತಿದ್ದ ಮಿಸ್ತ್ರಿ ತಲೆಯೆತ್ತಿ, ಇಷ್ಟೊಂದು ಕಣ್ಣು ತಮ್ಮ ಮೇಲಿದ್ದದ್ದು ಕಂಡು, "ಏನಂತಾರ್ರಿ ಎಲ್ಲಾರೂ?" ಎಂದು ನನ್ನನ್ನು ಕೇಳಿದರು.

ಊರಿಗೆ ಹೇಳಿದ್ದಾಗಿತ್ತು. ಅವರಿಗಿನ್ನೂ ಹೇಳಿರಲಿಲ್ಲ. ಮಿರ್ಚಿ ಕಟ್ಟಿಕೊಟ್ಟಿದ್ದ ಪೇಪರನ್ನು ಬಿಡಿಸಿ, ಕಿಸೆಯ ಪೆನ್ನು ತೆಗೆದೆ. ಎಣ್ಣೆ ಹತ್ತಿದ ಕಡೆ ಪೆನ್ನು ಮೂಡುತ್ತಿರಲಿಲ್ಲ, ಅಂಚಿನಲ್ಲಿ ಹುಡುಕಿ ಹುಡುಕಿ ಬರೆದೆ: ಪೈಪು ಹಾಕಿದ್ದು ನಾನು. ನಿಮ್ಮಿಂದ ಕಾರು ಕೆಟ್ಟಿತೆಂದು ಇಲ್ಲಿ ಎಲ್ಲರಿಗೂ ಹೇಳಿದ್ದು ನಾನು. ಜನ ಬರುವುದು ಬಿಟ್ಟದ್ದು ಅದಕ್ಕೇ.

ಅವರು ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದರು. ನಾನು ಬೈಗುಳಕ್ಕೆ ಕಾದೆ. ಬೇಕಾಗಿತ್ತು ನನಗೆ ಅದು.

"ಹಂಗಾರ ಗೇಜ್ ತಪ್ಪ ಇರಲಿಲ್ಲಾ?" ಎಂದು ಕೇಳಿದರು.

ಇಲ್ಲವೆಂದು ತಲೆಯಾಡಿಸಿದೆ.

ಅವರ ಮುಖ ಅರಳಿತು. ಕಿಸೆಯಿಂದ ಗೇಜನ್ನು ತೆಗೆದು, ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. "ಪಾಪ, ಇದಕ್ಕ ಏನೇನೋ ಅಂದ್ನಿರಿ ನಾ. ಮೂರ ತಿಂಗಳಿಂದ ದಿನಾ ಬೈದೇನಿ. ಇದರದು ಏನೂ ತಪ್ಪಿದ್ದಿಲ್ಲ ನೋಡ್ರಿ, ನಂದಽ ತಪ್ಪಾತು" ಎಂದು ಇಡೀ ಸರ್ಕಲ್ಲಿಗೆ ಕೇಳುವಂತೆ ಹೇಳಿದರು.

ಅವರು ಗೇಜಿನ ಮುಂದೆ ತಪ್ಪೊಪ್ಪಿಕೊಂಡಿದ್ದರು. ನಾನು ನಡೆದದ್ದನ್ನೆಲ್ಲ ಬರೆದಿದ್ದೆ, ತಪ್ಪಾಯಿತು ಎಂಬ ಮಾತನ್ನು ಮಾತ್ರ ಬರೆದಿರಲಿಲ್ಲ. ಪೇಪರನ್ನು ಮತ್ತೆ ನನ್ನ ಕಡೆ ಎಳೆದುಕೊಂಡು, ಎಣ್ಣೆಯಿಲ್ಲದ ಜಾಗ ಹುಡುಕಿ ಅದನ್ನೂ ಬರೆದೆ.